ನಾಯಿ ಯಾವ ವಾಕ್ಯದಲ್ಲಿ ಒಳಗೆ ಬರಬೇಕು?

ಮೊದಲ ವಾಕ್ಯದಲ್ಲೇ ನಾಯಿಯನ್ನು ತರಬೇಕೋ, ಒಂದೆರಡು ಪ್ಯಾರಾ ಹೊರಗೆ ಕಾಯಿಸಬೇಕೋ ಎಂದು ಬೆಳಗಿನಿಂದ ಯೋಚಿಸುತ್ತ ಕೂತಿದ್ದೇನೆ. ತಂದರೆ ನೀವು ಕೂಡಲೇ ಅದನ್ನು ಪ್ರೀತಿಸತೊಡಗುತ್ತೀರಿ. ನಾಯಿಗಳ ವಿಷಯದಲ್ಲಿ ಓದುಗರನ್ನು ನಂಬುವ ಹಾಗಿಲ್ಲ. ಆಮೇಲೆ ನಾನು ಏನು ಹೇಳಿದರೂ ನಿಮ್ಮ ಕಣ್ಣು ಅದರ ಬಾಲದ ಮೇಲೆಯೇ ಇರುತ್ತದೆ.

(ನೋಡಿ, ಬಾಲ ಆಗಲೇ ಒಳಗೆ ಬಂದುಬಿಟ್ಟಿತು.)

ಸಂಪಾದಕಿ ಕೇಳಿದ್ದು ಕಥೆಯನ್ನಲ್ಲ. ಪತ್ರಿಕೆಯ ವಿಶೇಷ ಸಂಚಿಕೆಗೆ ಒಂದು ಲೇಖನ: 'ಸಾಕುನಾಯಿ ಮನೆಯೊಳಗಿರಬೇಕೋ, ಹೊರಗಿರಬೇಕೋ?' ಪರವಾಗಿ ಮೂರು ಮಾತು, ವಿರೋಧವಾಗಿ ಮೂರು ಮಾತು, ಕೊನೆಗೆ ಹಾವೂ ಸಾಯದ ಕೋಲೂ ಮುರಿಯದ ಒಂದು ತೀರ್ಮಾನ. "ನಿಮ್ಮನೇಲೂ ನಾಯಿ ಇತ್ತಲ್ವಾ, ಅದನ್ನೂ ಸ್ವಲ್ಪ ಸೇರಿಸಿ. ಓದೋರಿಗೆ ಹತ್ತಿರ ಆಗುತ್ತೆ" ಎಂದರು.

ಸೇರಿಸಲು ಹೋದೆ. ಅಲ್ಲಿಗೆ ಲೇಖನ ಹಳ್ಳ ಹಿಡಿಯಿತು.

೧.

'ಗಡಿಯಾರ ರಿಪೇರಿಯವನೊಬ್ಬನಿದ್ದ. ಅವನ ಮನೆಯೊಳಗೆ ನಾಯಿಗೆ ಪ್ರವೇಶವಿರಲಿಲ್ಲ.'

ಮೊದಲ ಡ್ರಾಫ್ಟ್ ಹೀಗೆ ಶುರುವಾಯಿತು. ಕೇಳಲು ಗಂಭೀರವಾಗಿದೆ. ಗಡಿಯಾರ ರಿಪೇರಿಯವನು ನನ್ನ ಅಪ್ಪ. (ಅಪ್ಪನನ್ನು ಏಕವಚನದಲ್ಲಿ ಕರೆಯುವ ಧೈರ್ಯ ನನಗೆ ಕಥೆಯಲ್ಲಿ ಮಾತ್ರ ಬರುತ್ತದೆ.) ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕಿಟಕಿಗೆ ಆನಿಸಿದ, ಕೂತವರ ಎದೆಮಟ್ಟಕ್ಕೆ ಬರುವ ಎತ್ತರದ ಮೇಜು. ತಿರುಪು ಉರುಳಿ ನೆಲಕ್ಕೆ ಬೀಳದಿರಲೆಂದು ಅದರ ಅಂಚಿಗೆ ಬಡಿದ ಸಣ್ಣ ಪಟ್ಟಿ. ಕಳಚಿಟ್ಟ ಚಕ್ರಗಳ ಮೇಲೆ ಬೋರಲು ಹಾಕಿದ ಗಾಜಿನ ಲೋಟಗಳು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಆ ಕೋಣೆಯಲ್ಲಿ ಫ್ಯಾನ್ ಹಾಕುವಂತಿರಲಿಲ್ಲ, ಕಸ ಗುಡಿಸುವಂತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಬೇಕಿತ್ತು. ಕೈಗಡಿಯಾರದೊಳಗೆ ಒಂದೇ ಒಂದು ಕೂದಲು ಹೊಕ್ಕರೂ ಅದು ನಿಂತುಹೋಗುತ್ತದೆ ಎಂದು ನಾನು ಅಕ್ಷರ ಕಲಿಯುವ ಮೊದಲೇ ಕಲಿತಿದ್ದೆ.

ಅಮ್ಮ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದಳು. ಒಂದು ಸಂಜೆ ಊಟದ ಡಬ್ಬಿಯ ಚೀಲದಲ್ಲಿ ಒಂದು ಮರಿಯನ್ನು ಹಾಕಿಕೊಂಡು ಬಂದಳು. ಬೂದಿಬಣ್ಣದ್ದು, ಆಗಷ್ಟೇ ಹಲ್ಲು ಬರುತ್ತಿದ್ದದ್ದು.

"ಇದಕ್ಕೆ ವಿಳಾಸ ಇಲ್ಲ, ಕಳಿಸಿದವ್ರ ಹೆಸರೂ ಇಲ್ಲ. ಎಲ್ಲಿಗಂತ ವಾಪಸ್ ಕಳಿಸ್ಲಿ?" ಎಂದಳು.

ಅಪ್ಪ ಭೂತಗನ್ನಡಿ ತೆಗೆಯದೆ, "ಇರ್ಲಿ. ಹೊರಗಿರ್ಲಿ" ಎಂದರು.

ಬೂದ ಎಂದು ಕರೆದೆವು. ಅದು ಹೊರಗೇ ಬೆಳೆಯಿತು.

ಮೊದಲ ಡ್ರಾಫ್ಟಿನಲ್ಲಿ ಇದಾದ ಮೇಲೆ ವರ್ಷಗಳು ಕಳೆಯುತ್ತವೆ, ಹೆಂಡತಿ ಹಾಸಿಗೆ ಹಿಡಿಯುತ್ತಾಳೆ, ನಾಯಿಯನ್ನು ಒಂದು ಸಲ ಒಳಗೆ ಕರೆಯಿರಿ ಎನ್ನುತ್ತಾಳೆ, ಗಡಿಯಾರ ರಿಪೇರಿಯವನು ಬೇಡ ಎನ್ನುತ್ತಾನೆ. ಕಲ್ಲುಮನಸ್ಸಿನ ಗಂಡ, ಸಾಯುತ್ತಿರುವ ಹೆಂಡತಿ, ಬಾಗಿಲಾಚೆ ನಾಯಿ. ನೀವು ಅಳುತ್ತಿದ್ದಿರಿ. ಸಂಪಾದಕಿಯೂ ಅಳುತ್ತಿದ್ದರು, ಪುಟಕ್ಕೊಂದು ಒಳ್ಳೆಯ ಚಿತ್ರವನ್ನೂ ಬರೆಸುತ್ತಿದ್ದರು. ಎರಡೇ ತಾಸಿನಲ್ಲಿ ಮುಗಿಸಿ ಹರಿದುಹಾಕಿದೆ. ಯಾಕೆಂದು ಆಮೇಲೆ ಹೇಳುತ್ತೇನೆ.

('ಆಮೇಲೆ ಹೇಳುತ್ತೇನೆ' ಎನ್ನುವ ಕಥೆಗಾರರನ್ನು ನಂಬಬೇಡಿ. ಆಮೇಲೆ ಎನ್ನುವುದು ನಮಗೆ ಮನೆಯ ಅಟ್ಟ ಇದ್ದ ಹಾಗೆ.)

೨.

ಎರಡನೇ ಡ್ರಾಫ್ಟಿನಲ್ಲಿ ಗಡಿಯಾರ ರಿಪೇರಿಯವನು ಬಾಯಿಯೇ ಬಿಡಲಿಲ್ಲ. ಹೆಂಡತಿ ಕೇಳಿ ಆಗಿತ್ತು. ಅವನ ಸರದಿ ಬಂದಿತ್ತು. ಅವನು ಮೇಜಿನ ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ನಿಂತಿದ್ದ.

"ಹೇಳಿ" ಎಂದೆ.

"ಏನು ಹೇಳ್ಬೇಕು?"

"ಬೇಡ ಅಂತ. ನಾಯಿ ಒಳಗೆ ಬರೋದು ಬೇಡ ಅಂತ. ನಿಮ್ಮ ಮಾತು ಅದು."

"ನಾನು ಹಾಗಂದ್ನಾ?"

"ಇದು ಕಥೆ ಅಪ್ಪ."

"ಆಗ್ಲಿ. ಕಥೇನೇ ಆಗ್ಲಿ. ಆದ್ರೆ ಇದೇ ಮಾತನ್ನ ನನ್ನ ಹೆಸರಲ್ಲಿ ನೀನು ಹಿಂದೇನೂ ಒಂದ್ಸಲ ಹೇಳಿದೀಯ. ಆಗ ಕಥೆ ಅಂತ ಹೇಳಿರ್ಲಿಲ್ಲ."

ಪಾತ್ರಗಳಿಗೆ ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂರುತ್ತವೆ ಎಂದು ಹಿರಿಯರು ಹೇಳಿದ್ದಾರೆ. (ಯಾವ ಹಿರಿಯರೂ ಹೇಳಿಲ್ಲ. ಈಗ ನಾನೇ ಕಟ್ಟಿದ್ದು.) ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದೆ.

೨, ಇನ್ನೊಮ್ಮೆ.

ಲೇಖನವನ್ನೇ ಬರೆದು ಕೈತೊಳೆದುಕೊಳ್ಳೋಣ ಎಂದುಕೊಂಡೆ. ಒಳಗಿದ್ದರೆ: ನಾಯಿಗೆ ಜೊತೆ ಸಿಗುತ್ತದೆ, ಚಳಿ ತಾಗುವುದಿಲ್ಲ, ಗಾಡಿಗೆ ಸಿಕ್ಕುವ ಭಯವಿಲ್ಲ. ಹೊರಗಿದ್ದರೆ: ನೆಲ ಚೊಕ್ಕಟ, ವಾಸನೆ ಇಲ್ಲ, ಕೂದಲು ಉದುರುವುದಿಲ್ಲ.

'ಕೂದಲು' ಎಂದು ಟೈಪ್ ಮಾಡಿದ ಮೇಲೆ ಬೆರಳು ಮುಂದಕ್ಕೆ ಹೋಗಲಿಲ್ಲ.

೪.

(ಮೂರನೆಯದನ್ನು ಬರೆದಿದ್ದೆ. ಅದರಲ್ಲಿ ಬೂದನೇ ಮಾತಾಡುತ್ತಿತ್ತು. ನಾಯಿಯ ಬಾಯಲ್ಲಿ ಮಾತಾಡಿಸುವ ಮಟ್ಟಕ್ಕೆ ಇಳಿದಿದ್ದೆ. ಅದೂ ಎಂಥ ಶುದ್ಧ ಗ್ರಾಂಥಿಕ ಕನ್ನಡ ಅಂತೀರಿ. ಅಳಿಸಿದೆ.)

ಅಟ್ಟದಿಂದ ಒಂದೊಂದಾಗಿ ಇಳಿಸುತ್ತೇನೆ.

ಅಪ್ಪ 'ಹೊರಗಿರ್ಲಿ' ಎಂದರೇ ಹೊರತು ನಾಯಿಗೆ ಏನನ್ನೂ ಕಲಿಸಲಿಲ್ಲ. ಒಳಗೆ ಬಂದರೆ ಎತ್ತಿ ಹೊರಗೆ ಬಿಡುತ್ತಿದ್ದರು, ಅಷ್ಟೆ. ಅದು ಮತ್ತೆ ಬರುತ್ತಿತ್ತು. ಕಲಿಸಿದವಳು ನಾನು. ನನಗಾಗ ಹದಿನಾರು ವರ್ಷ, ಅಪ್ಪನಿಂದ ಒಮ್ಮೆಯಾದರೂ ಭೇಷ್ ಎನ್ನಿಸಿಕೊಳ್ಳಬೇಕೆಂಬ ಹುಚ್ಚು. ಅಪ್ಪ ಬಿಸಾಡಿದ ಹಾಳು ಚಕ್ರ, ತಿರುಪುಗಳನ್ನು ಒಂದು ತಗಡಿನ ಪೌಡರ್ ಡಬ್ಬಿಗೆ ತುಂಬಿದೆ. ಹೊಸ್ತಿಲ ಒಳಗೆ ಕೂತೆ. ಬೂದ ಒಂದು ಪಂಜ ಒಳಗಿಟ್ಟ ಕೂಡಲೇ ಅದರ ಕಿವಿಯ ಹತ್ತಿರ ಡಬ್ಬಿಯನ್ನು ಜೋರಾಗಿ ಕುಲುಕುತ್ತಿದ್ದೆ. ಹೊಡೆಯಲಿಲ್ಲ, ಬೈಯಲಿಲ್ಲ. ಹನ್ನೊಂದು ದಿನ ಅದೇ ಕೆಲಸ. ಹನ್ನೆರಡನೆಯ ದಿನ ಹೊಸ್ತಿಲ ಒಳಗೆ ಬಿಸ್ಕತ್ತು ಇಟ್ಟರೂ ಬೂದ ಬರಲಿಲ್ಲ. ಜೊಲ್ಲು ಸುರಿಸುತ್ತ ಆಚೆಯೇ ಕೂತಿತ್ತು.

ಬಂದ ಗಿರಾಕಿಗಳಿಗೆಲ್ಲ ಈ ಬಿಸ್ಕತ್ತಿನ ಆಟ ತೋರಿಸುತ್ತಿದ್ದೆ. ಅಪ್ಪ ಭೇಷ್ ಎಂದರು. ಅಮ್ಮ ಮಾತ್ರ ಒಮ್ಮೆ ನೋಡಿ, ಬಿಸ್ಕತ್ತನ್ನು ಎತ್ತಿ ಹೊರಗೆ ಹೋಗಿ ಅದಕ್ಕೆ ತಿನ್ನಿಸಿದಳು.

"ಮುಂದೆ ಯಾವತ್ತಾದ್ರೂ ಇದನ್ನ ಒಳಗೆ ಬಾ ಅನ್ಬೇಕಾಗಿ ಬಂದ್ರೆ ಏನು ಮಾಡ್ತೀಯೇ?" ಎಂದಳು.

"ಕರೆದ್ರೆ ಬರುತ್ತೆ ಬಿಡಮ್ಮ. ನಾಯಿ ತಾನೆ" ಎಂದೆ.

೫.

ಹತ್ತು ವರ್ಷದ ಮೇಲೆ ಅಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಇನ್ನು ಇಲ್ಲಿಟ್ಟುಕೊಂಡು ಪ್ರಯೋಜನವಿಲ್ಲ ಎಂದಿದ್ದರು. ಒಳಕೋಣೆಯಲ್ಲಿ ಮಲಗಿಸಿದೆವು. ಮೂರನೆಯ ದಿನ ಮಧ್ಯಾಹ್ನ ಗಂಜಿ ಕುಡಿಸುವಾಗ ಕೇಳಿದಳು, "ಬೂದನ್ನ ಒಂದ್ಸಲ ಒಳಗೆ ಕರಿಯೇ. ಇಲ್ಲಿ ಕಾಲ ಹತ್ರ ಮಲಗ್ಲಿ."

ನಾನು ಅಪ್ಪನಿಗೆ ಹೇಳಿದೆ. ಅಪ್ಪ ಒಂದು ಕ್ಷಣವೂ ತಡ ಮಾಡಲಿಲ್ಲ. (ಮೊದಲ ಡ್ರಾಫ್ಟನ್ನು ಹರಿದದ್ದು ಇದಕ್ಕೆ.) ಬಿಚ್ಚಿಟ್ಟಿದ್ದ ಗಡಿಯಾರವನ್ನು ಹಾಗೇ ಬಿಟ್ಟರು, ಮೇಜಿನ ಮೇಲೆ ಒಂದು ಚಾದರ ಎಳೆದರು, ಬಾಗಿಲಿನ ಎರಡೂ ರೆಕ್ಕೆ ತೆರೆದು ನೆಲದ ಮೇಲೆ ಮಂಡಿಯೂರಿ ಕೂತು ಕರೆದರು.

"ಬಾ ಮಗ. ಬಾ."

ಬೂದ ಹೊಸ್ತಿಲ ತನಕ ಬಂದಿತು. ಅಲ್ಲಿ ಕೂತಿತು. ನಾನು ಕರೆದೆ, ಬೇಡಿಕೊಂಡೆ, ಅನ್ನದ ತಟ್ಟೆ ತಂದಿಟ್ಟೆ. ಕೊನೆಗೆ ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟೆ. ಮೈಯೆಲ್ಲ ನಡುಗಿ, ನಿಂತಲ್ಲೇ ಉಚ್ಚೆ ಹೊಯ್ದು, ಉಗುರು ನೆಲಕ್ಕೆ ಕೆರೆಯುತ್ತ ಹೊರಗೆ ಓಡಿತು. ಅಪ್ಪ ನನ್ನ ಕಡೆ ನೋಡಲಿಲ್ಲ. ಬಟ್ಟೆ ತಂದು ನೆಲ ಒರೆಸತೊಡಗಿದರು.

ನಾನು ಒಳಗೆ ಹೋದೆ.

"ಯಾಕೆ, ಬರ್ಲಿಲ್ವಾ?" ಎಂದಳು ಅಮ್ಮ.

ಹತ್ತು ವರ್ಷದ ಹಿಂದಿನ ಅವಳ ಪ್ರಶ್ನೆ ನೆನಪಾಯಿತು. ನಾನು ಹೇಳಿದೆ, "ಅಪ್ಪ ಬೇಡ ಅಂತಾರೆ ಅಮ್ಮ."

"ಹೌದಾ" ಎಂದಳು. "ಹೋಗ್ಲಿ ಬಿಡು. ಅವ್ರ ಕೆಲ್ಸ ಹಾಗೆ" ಎಂದು ಗೋಡೆಯ ಕಡೆ ತಿರುಗಿದಳು.

ಅಪ್ಪ ಒದ್ದೆ ಬಟ್ಟೆ ಹಿಡಿದುಕೊಂಡು ಒಳಕೋಣೆಯ ಬಾಗಿಲಲ್ಲಿ ನಿಂತಿದ್ದರು.

ಅಮ್ಮ ಇನ್ನೂ ಐದು ದಿನ ಇದ್ದಳು. ಹಾಸಿಗೆಯನ್ನೇ ಬಾಗಿಲ ಹತ್ತಿರ ತರಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ತರಬಹುದಿತ್ತು. ಇಬ್ಬರು ಹಿಡಿದರೆ ಸಾಕಿತ್ತು. ಆದರೆ ಅಪ್ಪ ಬೇಡ ಎಂದಿದ್ದಾರೆ ಎಂದು ಹೇಳಿಯಾದ ಮೇಲೆ, ಮಂಚದ ಇನ್ನೊಂದು ತುದಿಯನ್ನು ಅದೇ ಅಪ್ಪ ಹಿಡಿದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಆ ಐದು ದಿನ ನಾನು ಕಾಪಾಡಿದ್ದು ಸುಳ್ಳನ್ನು, ಅಮ್ಮನನ್ನಲ್ಲ. ಇದನ್ನು ಇಷ್ಟು ನೇರವಾಗಿ ಬರೆಯಲು ನನಗೆ ಆರು ವರ್ಷ ಬೇಕಾಯಿತು.

ಬೂದ ಆಮೇಲೆ ಎರಡು ವರ್ಷ ಬದುಕಿತ್ತು. ಹಗಲೆಲ್ಲ ಬಾಗಿಲು ತೆರೆದೇ ಇಡುತ್ತಿದ್ದೆವು.

೬.

ಬೇರೆ ಮುಕ್ತಾಯಗಳು ಬೇಕಾದವರಿಗೆ:

ಒಂದು. ಬೂದ ಹೊಸ್ತಿಲು ದಾಟುತ್ತದೆ, ಅಮ್ಮನ ಕಾಲ ಬಳಿ ಮಲಗುತ್ತದೆ. (ಬರೆದು ನೋಡಿದೆ. ಎಷ್ಟು ಸುಲಭವಾಗಿ ದಾಟಿತೆಂದರೆ ನನಗೆ ನಾಚಿಕೆಯಾಯಿತು.)

ಎರಡು. ಮಗಳು ಐದನೆಯ ದಿನ ನಿಜ ಹೇಳುತ್ತಾಳೆ. (ಐದನೆಯ ದಿನ ಅಮ್ಮನಿಗೆ ಮಾತು ತಿಳಿಯುತ್ತಿರಲಿಲ್ಲ.)

ಮೂರು. ಸಂಪಾದಕಿಯದು. ಫೋನಿನಲ್ಲಿ ಕೇಳಿ, "ಅಯ್ಯೋ ಪಾಪ. ಕೊನೇಲಿ ಏನಾದ್ರೂ ಪಾಸಿಟಿವ್ ಆಗಿ ಮುಗಿಸೋಕಾಗುತ್ತಾ?" ಎಂದರು. ಒಳ್ಳೆಯ ಹೆಂಗಸು. ಅವರ ನಾಯಿ ಸೋಫಾದ ಮೇಲೆ ಮಲಗುತ್ತದೆ.

೭.

ಇಲ್ಲಿಯ ತನಕ ಬರೆದದ್ದನ್ನು ನಿನ್ನೆ ಸಂಜೆ ಅಪ್ಪನಿಗೆ ಕೊಟ್ಟೆ. ಕಥೆಯ ಅಪ್ಪನಿಗಲ್ಲ, ನಿಜವಾದ ಅಪ್ಪನಿಗೆ. ಕೈ ನಡುಗುವುದರಿಂದ ಈಗ ಅವರು ಕೆಲಸ ಬಿಟ್ಟಿದ್ದಾರೆ. ಕಾಗದಗಳನ್ನು ಕಿಟಕಿಯ ಹತ್ತಿರ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದಿದರು. ಓದಿ ಮುಗಿಸಿ ಮೊದಲ ಹಾಳೆಗೆ ಮರಳಿದರು.

"ಇಲ್ಲೊಂದು ತಪ್ಪಿದೆ" ಎಂದರು.

ಒಂದೇ ತಪ್ಪೇ ಎಂದು ನನಗೆ ಆಶ್ಚರ್ಯವಾಯಿತು.

"ಕೂದಲು ಸಿಕ್ಕರೆ ಗಡಿಯಾರ ನಿಲ್ಲುತ್ತೆ, ನಿಜ. ಆದ್ರೆ ಕೆಟ್ಟೋಗಲ್ಲ. ಹಿಂದಿನ ಮುಚ್ಚಳ ತೆಗೆದು ಚಿಮಟದಲ್ಲಿ ಎತ್ತಿದ್ರೆ ಮತ್ತೆ ನಡಿಯುತ್ತೆ. ಹತ್ತು ನಿಮಿಷದ ಕೆಲ್ಸ."

"ಮತ್ತೆ ಅಷ್ಟು ವರ್ಷ ಯಾಕೆ ಹೊರಗಿಟ್ರಿ?"

"ಮೊದಲನೇ ದಿನ ಹೇಳ್ಬಿಟ್ಟಿದ್ದೆ. ಆಮೇಲೆ ಯಾರೂ ತಿರುಗಿ ಕೇಳಲಿಲ್ಲ. ನಾನೂ ಹೇಳಲಿಲ್ಲ."

ಹಾಳೆಗಳ ಅಂಚು ಸರಿ ಮಾಡಿ ನನ್ನ ಕೈಗೆ ಕೊಟ್ಟರು.

"ಅವತ್ತು ನಾನು ಅಮ್ಮಂಗೆ ಹೇಳಿದ್ದು ನಿಮಗೆ ಕೇಳಿಸ್ತಲ್ಲ" ಎಂದೆ. "ಯಾಕೆ ಸುಮ್ನಿದ್ರಿ? ನಾನು ಬೇಡ ಅನ್ನಲಿಲ್ಲ ಅನ್ಬಹುದಿತ್ತಲ್ಲ."

"ಹತ್ತು ವರ್ಷ ನಾನೇ ಬೇಡ ಅಂದಿದ್ದೆ. ಒಂದು ದಿನ ನೀನು ಅಂದೆ. ನಾನು ಯಾವ ಬಾಯಲ್ಲಿ ಇಲ್ಲ ಅನ್ಲಿ?"

ಅಷ್ಟು ಹೇಳಿ ಎದ್ದು ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು. ಪಾತ್ರೆಗಳನ್ನು ನಾನು ಮಧ್ಯಾಹ್ನವೇ ತೊಳೆದಿಟ್ಟಿದ್ದೆ.

೮.

ಇದು ಮುಗಿಯುವ ಜಾಗ. ನಾಯಿ ಒಳಗಿರಬೇಕೋ ಹೊರಗಿರಬೇಕೋ ಎಂಬ ಪ್ರಶ್ನೆಗೆ ನನ್ನ ಬಳಿ ತೀರ್ಮಾನವಿಲ್ಲ. ಸಂಪಾದಕಿಯವರು ಬೇರೆಯವರನ್ನು ಕೇಳಿಕೊಳ್ಳಲಿ. ನನಗೆ ಬೇಕಿರುವುದು ಒಂದು ಮಧ್ಯಾಹ್ನ. ಕಥೆಯಲ್ಲಿ ಅದು ಸಿಗುತ್ತದೆ. ಹಾಗಾಗಿ ಇವತ್ತು ಆ ಕೋಣೆಯನ್ನು ಮತ್ತೆ ಬರೆದೆ. ಅಮ್ಮ ಮಲಗಿದ್ದಾಳೆ, ಗಂಜಿಯ ಬಟ್ಟಲು ಕೆಳಗಿದೆ, ಬೂದ ಹೊರಗೆ ಓಡಿ ಆಗಿದೆ. ನಾನು ಒಳಗೆ ಬರುತ್ತೇನೆ.

"ಯಾಕೆ, ಬರ್ಲಿಲ್ವಾ?"

"ಇಲ್ಲಮ್ಮ. ಅಪ್ಪ ಮಂಡಿಯೂರಿ ಕರೆದ್ರು. ಬರ್ಲಿಲ್ಲ. ಬರಬಾರ್ದು ಅಂತ ನಾನೇ ಕಲ್ಸಿದ್ದೆ."

ಅಮ್ಮ ನನ್ನ ಕಡೆ ತಿರುಗುತ್ತಾಳೆ.

ಈಗ ಅವಳು ಏನಾದರೂ ಹೇಳಬೇಕು. ಹೋಗ್ಲಿ ಬಿಡು ಎಂದು ಬರೆಯಬಲ್ಲೆ. ಅವಳ ಕೈಯನ್ನು ಎತ್ತಿ ನನ್ನ ತಲೆಯ ಮೇಲೆ ಇಡಬಲ್ಲೆ, ಎರಡು ಪದ ಸಾಕು ಅದಕ್ಕೆ. ಬೆಳಗಿನಿಂದ ಇದೇ ಸಾಲಿನಲ್ಲಿ ನಿಂತಿದ್ದೇನೆ. ಅಪ್ಪನ ಬಾಯಿಗೆ ಅವರು ಆಡದ ಮಾತನ್ನು ಒಮ್ಮೆ ಹಾಕಿದವಳು ನಾನು. ಅಮ್ಮನ ಬಾಯಿಗೂ ಹಾಕಲಾರೆ.

ಅವಳು ನನ್ನನ್ನು ನೋಡುತ್ತಿದ್ದಾಳೆ. ಅವಳ ಸಾಲನ್ನು ಖಾಲಿ ಬಿಟ್ಟಿದ್ದೇನೆ.

"