ಹಸಿರು ಗಾಜಿನ ಅಂಗಡಿ

ಬನಹಟ್ಟಿಯ ಸೀರೆ ವ್ಯಾಪಾರಿ ಪಾರಿಸಪ್ಪ ಹೊಸ ಅಂಗಡಿ ಕಟ್ಟಿಸಿ, ಕಿಟಕಿಗಳಿಗೆಲ್ಲ ಮುಂಬಯಿಯಿಂದ ತರಿಸಿದ ಹಸಿರು ಗಾಜು ಹಾಕಿಸಿದ್ದ. ಉರಿಬಿಸಿಲಲ್ಲೂ ಒಳಗೆ ತಂಪೆನಿಸುತ್ತದೆ ಎಂದು ಬಂದವರೆಲ್ಲ ಹೊಗಳುತ್ತಿದ್ದರು.

ರಬಕವಿಯ ಶಿವಗಂಗವ್ವ ನೂಲಿಗೆ ತಾನೇ ಬಣ್ಣ ಹಾಕಿ ನೇಯುವವಳು. ತೇರದಾಳದ ಕಮಲಾಬಾಯಿ ಮಗಳ ಮದುವೆಗೆಂದು ನೇಯಲು ಹೇಳಿದ್ದ ದಾಳಿಂಬೆ ಕೆಂಪಿನ ಸೀರೆಯನ್ನು ಆಕೆ ಅಂಗಡಿಗೆ ತಂದಾಗ, ಕಮಲಾಬಾಯಿಯೂ ಅಲ್ಲೇ ಕುಳಿತಿದ್ದರು.

ಮಡಿಕೆ ಬಿಚ್ಚಿದ ಪಾರಿಸಪ್ಪ ಮುಖ ಸಿಂಡರಿಸಿದ.

"ಇದೇನ ಬೇ? ದಾಳಿಂಬರಿ ಅಂದ್ರ ಕರಕಾದ ಬೆಲ್ಲದಂಗ ಐತೆಲ್ಲ! ಹಲಕಾ ಬಣ್ಣಾ ಹಾಕಿ ಮೋಸ ಮಾಡ್ತಿ?"

ಮೋಸ! ಮೂವತ್ತು ವರ್ಷಗಳಲ್ಲಿ ಯಾರೂ ಆಡದ ಮಾತು. ಶಿವಗಂಗವ್ವನ ಮೈ ಉರಿದುಹೋಯಿತು. ಆದರೆ ಸೀರೆ ನಿಜಕ್ಕೂ ಕಪ್ಪಗೆ ಕಾಣುತ್ತಿತ್ತು. ಒಂದು ಕ್ಷಣ ಅಳುಕಿದಳು. ಆಮೇಲೆ ಪಾರಿಸಪ್ಪನತ್ತ ನೋಡಿದಳು.

"ಸಾವಕಾರ್ರ, ಮದ್ಲ ನಿಮ್ಮ ಧೋತರಾ ನೋಡ್ಕೋರಿ. ಬಿಳೀದು ಹಸರ ಕಾಣಾಕತ್ತೈತಿ. ಅದಕ್ಕೂ ನಾನ ಬಣ್ಣಾ ಹಾಕೇನೇನ್ರಿ? ಹೊರಗ ಬರ್ರಿ, ಬೆಳಕಿನ್ಯಾಗ ನೋಡ್ರಿ."

"ವ್ಯಾಪಾರ ಗಾದಿ ಮ್ಯಾಲ ಆಗ್ತೈತಿ, ಬೀದ್ಯಾಗಲ್ಲ."

ಶಿವಗಂಗವ್ವ ಸೀರೆಯನ್ನು ಬಾಚಿಕೊಂಡು ಹೊರಗೆ ನಡೆದು ಕಟ್ಟೆಯ ಮೇಲೆ ಹರವಿದಳು. ಹಿಂದೆಯೇ ಬಂದ ಕಮಲಾಬಾಯಿ, "ಅಯ್ಯ, ಒಡದ ದಾಳಿಂಬರಿ ಕಾಳಿನಂಗ ಐತೆಲ್ಲವ್ವ!" ಎಂದು ಸೀರೆಯನ್ನು ಎದೆಗವಚಿಕೊಂಡರು.

ಪಾರಿಸಪ್ಪ ಬಾಗಿಲಲ್ಲೇ ನಿಂತ. "ಆತ ಬಿಡ, ಪಸಂದ ಆತು. ಇಷ್ಟ್ಯಾಕ ಒದರ್ತಿ?"

ಶಿವಗಂಗವ್ವ ಬಿಡಲಿಲ್ಲ. "ಹೋದ ತಿಂಗಳ ಮುದುಕಿ ಹೊಳೆವ್ವ ನೇದ ಕೆಂಪ ಸೀರಿ ತಿರುಗಿ ಕಳಸಿದ್ರೆಲ್ಲ, ಅದಕ್ಕೇನಂತೀರಿ?"

"ಒಂದ ಸೀರಿ ಸಲುವಾಗಿ ಗಾಜ ಒಡೀಲೇನ?" ಎಂದು ಆತ ಒಳಗೆ ಹೋದ.

ಶಿವಗಂಗವ್ವ ನೆಟ್ಟಗೆ ಹೊಳೆವ್ವನ ಮನೆಗೆ ಹೋದಳು. ಸೀರೆ ತಿರುಗಿ ಬಂದ ದಿನದಿಂದ ಆ ಮುದುಕಿ ಬಣ್ಣದ ಗಡಿಗೆಗಳನ್ನು ಬೋರಲು ಹಾಕಿ, ಕಣ್ಣು ಹೋದವೆಂದು ಮೂಲೆ ಹಿಡಿದಿದ್ದಳು. ನಡೆದದ್ದನ್ನೆಲ್ಲ ಕೇಳಿ ತಲೆ ಎತ್ತಿದಳು.

"ಅಂದ್ರ ನನ್ನ ಕಣ್ಣ ಛಲೋ ಅದಾವೇನ?"

"ಛಲೋ ಅದಾವ ಎವ್ವಾ."

"ನಲವತ್ತ ವರ್ಷ ಬಣ್ಣಾ ನೋಡಿದ ಕಣ್ಣ ಬಿಟ್ಟು ಅವನ ಮಾತ ನಂಬಿದ್ನೆಲ್ಲ!"

ಆಕೆ ಗೋಡೆ ಹಿಡಿದು ಎದ್ದಳು, ಪೆಟ್ಟಿಗೆಯಿಂದ ಆ ಕೆಂಪು ಸೀರೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.

"ನಡಿ. ಪ್ಯಾಟ್ಯಾಗ ಎಲ್ಲಾರ ಮುಂದ ಕೇಳೂಣು."