ಬಾತಿ ಕೆರೆ ಏರಿಯ ಮೂರು ಹಾರ್ನ್

ಹುರುಳಿ ಹಾಸಿದ ರಸ್ತೆಯ ಮೇಲೆ ಸಣ್ಣ ಕಾರನ್ನು ಹೇಗೆ ದಾಟಿಸಬೇಕೆಂಬುದು ನನಗೆ ಚೆನ್ನಾಗಿ ಗೊತ್ತು. ಮೊದಲು ಇದನ್ನು ಹೇಳಿಯೇ ಮುಂದಿನದನ್ನು ಹೇಳುತ್ತೇನೆ. ಏಕೆಂದರೆ ಆ ನಾಲ್ಕು ದಿನ ನಮ್ಮ ಮನೆಯಲ್ಲಿ, ಚೌಕಿಪೇಟೆಯ ನಮ್ಮ ಅಂಗಡಿಯಲ್ಲಿ, ಹರಿಹರದಲ್ಲಿ ನಾನು ಪಾಠ ಹೇಳುವ ಶಾಲೆಯಲ್ಲಿ ಕೂಡ, ನನಗೆ ಅದು ಗೊತ್ತಿಲ್ಲವೆಂದೇ ಎಲ್ಲರೂ ಮಾತಾಡಿದರು.

ಸಂಕ್ರಾಂತಿಯ ಆಸುಪಾಸಿನಲ್ಲಿ ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಒಂಬತ್ತು ಮೈಲಿ ಡಾಂಬರು ರಸ್ತೆ ಅಲ್ಲಲ್ಲಿ ಕಣವಾಗಿಬಿಡುತ್ತದೆ. ರೈತರು ಹುರುಳಿ ಬಳ್ಳಿ ಕಿತ್ತು ತಂದು ರಸ್ತೆಯ ಅಗಲಕ್ಕೂ ಹರಡುತ್ತಾರೆ. ಹೋಗಿಬರುವ ಬಸ್ಸು, ಲಾರಿಗಳ ಗಾಲಿಗಳೇ ಕಾಳು ಬಿಡಿಸಿಕೊಡಬೇಕು. ಲಾರಿಗೆ ಅದು ಲೆಕ್ಕಕ್ಕಿಲ್ಲ. ನಮ್ಮ ಮಾರಿಸ್ ಮೈನರಿನಂಥ ಗಿಡ್ಡ ಕಾರಿಗೆ ಮಾತ್ರ ಕಷ್ಟ. ಒಣಬಳ್ಳಿ ಅಚ್ಚಿಗೆ ಸುತ್ತಿಕೊಳ್ಳುತ್ತದೆ, ಬಿಸಿಲೇರಿದ ಮೇಲಾದರೆ ಕಾದ ಸೈಲೆನ್ಸರಿಗೆ ತಗುಲಿ ಹೊಗೆಯಾಡುತ್ತದೆ. ಬೆಳಗಿನ ಹೊತ್ತು ಮಂಜಿಗೆ ನೆನೆದ ಬಳ್ಳಿ, ಅದರಡಿ ಉದುರಿದ ಕಾಳು, ಎರಡೂ ಸೇರಿದರೆ ಎಣ್ಣೆ ಸವರಿದ ಬಂಡೆಯಂತೆ. ಅದರ ಮೇಲೆ ಬ್ರೇಕ್ ಒತ್ತಬಾರದು. ದೂರದಿಂದಲೇ ವೇಗ ತಗ್ಗಿಸಿ, ಎರಡನೇ ಗೇರಿಗೆ ಬಂದು, ಸ್ಟಿಯರಿಂಗ್ ಚಕ್ರವನ್ನು ನೆಟ್ಟಗೆ ಹಿಡಿದು, ಕಾಲನ್ನು ಅಲುಗಿಸದೆ ದಾಟಬೇಕು. ದಾಟಿದ ಮೇಲೆ ಇಳಿದು ಅಡಿಯಲ್ಲಿ ಬಗ್ಗಿ ನೋಡಬೇಕು. ಇದಕ್ಕಾಗಿ ನನ್ನ ಡಿಕ್ಕಿಯಲ್ಲಿ ಒಂದು ಕುಡುಗೋಲು, ಒಂದು ತಂಬಿಗೆ ನೀರು ಸದಾ ಇರುತ್ತಿದ್ದವು. ನನ್ನ ಮೈದುನ ಕರಿಬಸವರಾಜ ಆ ಕುಡುಗೋಲನ್ನು ಕಂಡಾಗಲೆಲ್ಲ, ಅತ್ಗೆ ಪಾಠ ಹೇಳಾಕೆ ಹೊಂಟ್ರೋ ಹುಲ್ಲು ಕೊಯ್ಯಾಕೋ ಎಂದು ನಗುತ್ತಿದ್ದ.

ಬಾತಿ ಕೆರೆ ಏರಿಯ ತಿರುವಿನಲ್ಲಿ ನಾನು ಮೂರು ಸಲ ಹಾರ್ನ್ ಮಾಡುತ್ತಿದ್ದೆ. ಚಳಿಗಾಲದ ಬೆಳಗಿನಲ್ಲಿ ಕೆರೆಯ ಮೇಲಿನ ಮಂಜು ರಸ್ತೆಗೆ ಬಂದು ನಿಂತಿರುತ್ತದೆ. ಹತ್ತು ಮಾರು ಆಚೆಗಿನ ಎತ್ತು ಕಾಣುವುದಿಲ್ಲ. ಆ ತಿರುವಿನಾಚೆಯೇ ರಂಗವ್ವನ ಹುರುಳಿ ಹಾಸು. ಐವತ್ತರ ಹೆಂಗಸು, ಒಂಟಿ ಜೀವ, ಎರಡೆಕರೆ ಹೊಲ. ಬಳ್ಳಿಯನ್ನು ಕವೆಗೋಲಿನಿಂದ ತಿರುವಿಹಾಕುತ್ತ ರಸ್ತೆಯ ನಡುವೆಯೇ ಇರುತ್ತಿದ್ದಳು. ಮಂಜಿನಲ್ಲಿ ರಸ್ತೆಗಿಳಿಯಬೇಡ ಎಂದು ಅವಳೊಂದಿಗೆ ಎಷ್ಟು ಸಲ ಜಗಳವಾಡಿದ್ದೆನೋ. ಬಸ್ಸು ಬರೋ ಹೊತ್ತಿಗೇ ಬಳ್ಳಿ ತಿರುವಬೇಕು, ನಿಮ್ಮ ಮಂಜು ಹೋಗಾಗಂಟ ಬಸ್ಸು ಕಾಯ್ತದಾ ಅನ್ನುವಳು. ನನ್ನ ಮೂರು ಹಾರ್ನ್ ಕೇಳಿದೊಡನೆ ಮಾತ್ರ ಪಕ್ಕಕ್ಕೆ ಸರಿದು, ಕವೆಗೋಲನ್ನು ಮೇಲೆತ್ತಿ, ಇಲ್ಲಿದ್ದೇನೆ ಎಂದು ತೋರಿಸುವಳು. ಮೂರು ವರ್ಷ ಹೀಗೆ ನಡೆದಿತ್ತು.

ಹರಿಹರದ ಹೆಣ್ಣುಮಕ್ಕಳ ಶಾಲೆಯಲ್ಲಿ ನನ್ನ ಮೊದಲ ಪಾಠಕ್ಕೆ ಬಸ್ಸಿನಲ್ಲಿ ಹೋದರೆ ಹೊತ್ತಿಗೆ ಮುಟ್ಟುವಂತಿರಲಿಲ್ಲ. ನಮ್ಮ ಯಜಮಾನರು ವಾಮದೇವಪ್ಪನವರಿಗೆ ದೃಷ್ಟಿ ಮಂದ. ಹಾಗಾಗಿ ಮದುವೆಯಾದ ಮರುವರ್ಷವೇ ಹತ್ತಿ ಗಿರಣಿಯ ಹಿಂದಿನ ಬಯಲಿನಲ್ಲಿ ಪಕ್ಕದಲ್ಲಿ ಕೂತು ನನಗೆ ಕಾರು ಕಲಿಸಿದ್ದರು. ಕಾರು ಇದ್ದರೆ ನೌಕರಿ ಉಂಟು, ಇಲ್ಲದಿದ್ದರೆ ಇಲ್ಲ.

ಆ ಸೋಮವಾರ ಕರಿಬಸವರಾಜನೂ ನನ್ನ ಜೊತೆ ಹೊರಟ. ಹರಿಹರದ ಅಕ್ಕಿ ಗಿರಣಿಯ ಶಿವಯೋಗಪ್ಪನವರ ಮಗಳೊಂದಿಗೆ ಅವನ ಸಂಬಂಧ ಮಾತಾಡಿ ಆಗಿತ್ತು. ಗುರುವಾರ ಅವರು ನಮ್ಮ ಮನೆಗೆ ವೀಳ್ಯ ಹಿಡಿಯಲು ಬರುವವರಿದ್ದರು. ಅದಕ್ಕೆ ಮುಂಚೆ ಭಾವೀ ಮಾವನ ಮನೆಯ ಮುಂದೆ ತಾನೇ ಕಾರು ಓಡಿಸಿಕೊಂಡು ಇಳಿಯಬೇಕೆಂದು ಅವನ ಆಸೆ. ಲೈಸೆನ್ಸ್ ಬಂದು ಮೂರು ತಿಂಗಳಾಗಿತ್ತು. ಊರು ದಾಟಿದ ಮೇಲೆ ಚಕ್ರ ಕೇಳಿದ. ಕೊಟ್ಟೆ. ಮಂಜು ಕವಿದಿದೆ, ನಿಧಾನ ಎಂದೆ. ಕೆರೆ ಏರಿ ಬಂದಾಗ ಹಾರ್ನ್ ಮಾಡು ಎಂದೆ. ಯಾರಿಗೆ ಮಾಡ್ಲಿ, ಕೆರೆಯಾಗಿನ ಕೊಕ್ಕರೆಗಾ ಎಂದು ಮೂರನೇ ಗೇರಿನಲ್ಲೇ ತಿರುವಿಗೆ ನುಗ್ಗಿಸಿದ.

ಹುರುಳಿ ಕಂಡಾಗ ನಾವು ಅದರ ಮೇಲೆಯೇ ಇದ್ದೆವು. ಮಂಜಿನೊಳಗಿಂದ ಒಂದು ಕವೆಗೋಲು, ಒಂದು ಕೆಂಪು ಸೀರೆ. ಬ್ರೇಕ್ ಬೇಡ ಎಂದು ನಾನು ಹೇಳುವುದರೊಳಗೆ ಅವನು ಪೂರ್ತಿ ಒತ್ತಿಬಿಟ್ಟಿದ್ದ. ಕಾರು ಅಡ್ಡ ತಿರುಗಿ, ಸದ್ದಿಲ್ಲದೆ, ನೀರಿನ ಮೇಲೆ ಹಲಗೆ ತೇಲಿದಂತೆ ಜಾರಿತು. ರಂಗವ್ವ ಹಾರಿ ಚರಂಡಿಗೆ ಬಿದ್ದಳು. ಕಾರಿನ ಬಲಮಗ್ಗುಲು ಜಾಲಿಮರಕ್ಕೆ ಬಡಿದು ನಿಂತಿತು.

ನಾನು ಎಡಬಾಗಿಲು ತೆರೆದು ಓಡಿದೆ. ರಂಗವ್ವನ ಬಲಗೈ ಮೊಣಕೈಯ ಕೆಳಗೆ ಬಾಗಬಾರದ ಕಡೆ ಬಾಗಿತ್ತು. ನನ್ನ ಸೆರಗು ಹರಿದು ಕಟ್ಟುತ್ತಿದ್ದೆ. ಬಲಬಾಗಿಲು ಮರಕ್ಕೆ ಒತ್ತಿಕೊಂಡಿದ್ದರಿಂದ ಕರಿಬಸವರಾಜನೂ ಎಡಬಾಗಿಲಿನಿಂದಲೇ ಇಳಿದ. ಅಷ್ಟರಲ್ಲಿ ಅಕ್ಕಪಕ್ಕದ ಹೊಲದವರು ಐದಾರು ಜನ ಬಂದರು. ಅವರಲ್ಲಿ ರೇವಣ್ಣನೆಂಬಾತ, ದಿನಾ ನಾನು ಕಾರು ಓಡಿಸುವುದನ್ನು ಹಲ್ಲುಕಡ್ಡಿ ಕಚ್ಚಿಕೊಂಡು ನೋಡುತ್ತಿದ್ದವನು, ಕಾರನ್ನೂ ನನ್ನನ್ನೂ ನೋಡಿ ಹೇಳಿದ:

"ಹೆಂಗಸ್ರ ಕೈಗೆ ಗಾಡಿ ಕೊಟ್ರೆ ಇನ್ನೇನಾಗತೈತಿ."

ಉಳಿದವರು ಹೌದೌದೆಂದರು. ನಾನು ಕರಿಬಸವರಾಜನ ಕಡೆ ನೋಡಿದೆ. ಅವನು ಗಡಿಯಾರದ ಗಾಜು ಒರೆಸಿಕೊಳ್ಳುತ್ತ ನಿಂತಿದ್ದ. ಬಾಯಿ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ, ನನ್ನ ಕೈಯಲ್ಲಿ ಮುರಿದ ಕೈ ಇತ್ತು, ರಂಗವ್ವ ನರಳುತ್ತಿದ್ದಳು. ಈಗ ಯೋಚಿಸಿದರೆ, ಎರಡು ಪದ ಹೇಳುವುದಕ್ಕೆ ಎಷ್ಟು ಹೊತ್ತು ಬೇಕು. ಅವತ್ತು ಹೇಳಲಿಲ್ಲ. ಎತ್ತಿನ ಗಾಡಿಯೊಂದನ್ನು ಕಟ್ಟಿಸಿ ರಂಗವ್ವನನ್ನು ಮುರಿದ ಮೂಳೆ ಕಟ್ಟುವವರ ಬಳಿಗೆ ಕಳಿಸಿ, ಎತ್ತುಗಳಿಂದ ಕಾರನ್ನು ಮರದಿಂದ ಈಚೆಗೆ ಎಳೆಸಿ, ಮನೆ ಮುಟ್ಟುವಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ಮುಟ್ಟಿತ್ತು. ಓಡಿಸಿದವಳು ನಾನಂತೆ.

ಮನೆಯಲ್ಲಿ ನಡೆದದ್ದನ್ನು ನಡೆದಂತೆ ಹೇಳಿದೆ. ಕರಿಬಸವರಾಜ ಅಲ್ಲಗಳೆಯಲಿಲ್ಲ, ತಲೆ ತಗ್ಗಿಸಿ ಕೂತ. ಹಾಗಾದರೆ ಎಲ್ಲರಿಗೂ ಸರಿಯಾದದ್ದನ್ನು ಹೇಳಿಬಿಡುತ್ತಾರೆಂದು ನಾನು ತಿಳಿದೆ. ನನ್ನ ಅತ್ತೆ ಮರುಳಸಿದ್ದಮ್ಮ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುಂಚೆ ಬಂದು ನನ್ನ ಪಕ್ಕದಲ್ಲಿ ಕೂತರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶಿವಯೋಗಪ್ಪನವರ ಹಿರಿಯ ಮಗ ಎರಡು ವರ್ಷದ ಹಿಂದೆ ಮೋಟಾರು ಸೈಕಲ್ಲಿನ ವೇಗಕ್ಕೆ ಸತ್ತವನು. ಗಾಡಿ ಹುಚ್ಚಿನ ಹುಡುಗನಿಗೆ ಅವರು ಮಗಳನ್ನು ಕೊಡುವುದಿಲ್ಲ. ನಾನು ಓಡಿಸಿದೆನೆಂದರೆ ಯಾರಿಗೂ ಏನೂ ನಷ್ಟವಿಲ್ಲ. ಇದು ಅವರ ಲೆಕ್ಕ.

"ಹೆಣ್ಣು ಗಾಡಿ ಜಾರಿಸಿದ್ಲು ಅಂದ್ರೆ ನಾಕು ದಿನ ನಗ್ತಾರೆ, ಮರೀತಾರೆ. ಅವನ ಹೆಸರಿಗೆ ಹತ್ತಿದ್ರೆ ಹೋಗಾದಿಲ್ಲವ್ವಾ."

ನನ್ನ ಹೆಸರಿಗೆ ಹತ್ತಿದ್ದು ಹೋಗುತ್ತದೆಯೇ ಎಂದು ಕೇಳಿದೆ. ನಿನಗೇನು, ಮದುವೆ ಆಗೈತಲ್ಲ ಎಂದರು. ಆಮೇಲೆ ಕಾರಿನ ಕೀಲಿಕೈಯನ್ನು ಮೊಳೆಯಿಂದ ತೆಗೆದು ತಮ್ಮ ಸೊಂಟದ ಕೀಲಿಗೊಂಚಲಿಗೆ ಸೇರಿಸಿಕೊಂಡರು. ಅಪಘಾತ ಮಾಡಿದವಳ ಕೈಗೆ ಮರುದಿನವೇ ಕೀಲಿ ಕೊಟ್ಟರೆ ನೋಡಿದವರು ಏನಂದಾರು. ಅಂದರೆ, ನಾನು ಮಾಡದ್ದನ್ನು ಮಾಡಿದೆನೆಂದು ಒಪ್ಪಿಕೊಳ್ಳಬೇಕು, ಒಪ್ಪಿಕೊಂಡದ್ದಕ್ಕೆ ಶಿಕ್ಷೆಯನ್ನೂ ಅನುಭವಿಸಬೇಕು. ಯಜಮಾನರ ಕಡೆ ನೋಡಿದೆ. ಅವರು ಕನ್ನಡಕ ತೆಗೆದು, ಗುರುವಾರ ಒಂದು ಕಳೆಯಲಿ ಎಂದರು. ಕನ್ನಡಕ ತೆಗೆದರೆ ಅವರಿಗೆ ಎದುರಿಗಿರುವವರ ಮುಖ ಕಾಣುವುದಿಲ್ಲ.

ಮಂಗಳವಾರ ಬಸ್ಸಿನಲ್ಲಿ ಹೋದೆ. ಮೊದಲ ಪಾಠ ಮುಗಿದಿತ್ತು. ಮುಖ್ಯೋಪಾಧ್ಯಾಯಿನಿ ಅಕ್ಕನಾಗಮ್ಮನವರು ಕನಿಕರದಿಂದಲೇ ಮಾತಾಡಿದರು: ಗಾಬರಿಯ ಸ್ವಭಾವ ನಿಮ್ಮದು, ಕಾರು ಬಿಟ್ಟದ್ದೇ ಒಳ್ಳೆಯದಾಯಿತು, ಆದರೆ ತಿಂಗಳ ಕೊನೆಯೊಳಗೆ ಮೊದಲ ಪಾಠಕ್ಕೆ ಬರುವ ದಾರಿ ನೋಡಿಕೊಳ್ಳಿ, ಇಲ್ಲವಾದರೆ ಬೇರೆಯವರನ್ನು ನೋಡಬೇಕಾಗುತ್ತದೆ. ಹೌದು, ನನ್ನದು ಗಾಬರಿಯ ಸ್ವಭಾವ. ಮೂರು ವರ್ಷ ಆ ರಸ್ತೆಯಲ್ಲಿ ಒಂದು ಕೋಳಿಮರಿಯೂ ಸಾಯದಂತೆ ಕಾಪಾಡಿದ್ದು ಆ ಗಾಬರಿಯೇ. ಧೈರ್ಯವಂತನು ಒಂದೇ ದಿನದಲ್ಲಿ ರಂಗವ್ವನ ಕೈ ಮುರಿದ.

ಬುಧವಾರ ಸಂಜೆ ಹಿಂತಿರುಗುವಾಗ ಬಾತಿಯಲ್ಲಿ ಇಳಿದು, ಒಂದು ಚೀಲ ಅಕ್ಕಿ ಹಿಟ್ಟು, ಬೆಲ್ಲ ಹಿಡಿದು ರಂಗವ್ವನ ಮನೆಗೆ ಹೋದೆ. ಬಿದಿರಿನ ದಬ್ಬೆ ಕಟ್ಟಿದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು, ಎಡಗೈಯಲ್ಲಿ ಒಲೆಗೆ ಕಡ್ಡಿ ತುಂಬುತ್ತಿದ್ದಳು. ಕ್ಷಮೆ ಕೇಳಬೇಕೆಂದು ಹೋದವಳು ಬಾಗಿಲಲ್ಲೇ ನಿಂತೆ. ಏನೆಂದು ಕೇಳುವುದು, ಯಾರ ಪರವಾಗಿ ಕೇಳುವುದು. ಅವಳೇ ಮಾತು ಶುರುಮಾಡಿದಳು.

"ಅವತ್ತು ಓಡಿಸಿದ್ದು ನೀವಲ್ಲ."

ಯಾರು ಹೇಳಿದರು ಎಂದೆ.

"ಯಾರು ಹೇಳಬೇಕು? ಹಾರ್ನ್ ಕೇಳ್ಲಿಲ್ಲ. ಕೇಳಿದ್ರೆ ಸರೀತಿದ್ದೆ. ನೀವು ಬರಾದು ಮೂರು ವರ್ಷದಿಂದ ಕೇಳ್ತಿಲ್ವಾ ನಾನು."

ಹಾಗಾದರೆ ಅವರೆಲ್ಲ ನನ್ನನ್ನು ಅಂದಾಗ ನೀನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಿದ ಕೂಡಲೇ ನಾಚಿಕೆಯಾಯಿತು. ಮುರಿದ ಕೈಯವಳನ್ನು ಸಾಕ್ಷಿಗೆ ಕರೆಯುತ್ತಿದ್ದೆ. ರಂಗವ್ವ ಒಲೆಯಿಂದ ಕಣ್ಣೆತ್ತದೆ ಅಂದಳು:

"ನೀವೇ ಸುಮ್ಕಿದ್ರಿ. ಓದಿದೋರು, ಮೇಷ್ಟ್ರಮ್ಮ. ನಾನ್ಯಾಕೆ ಬಾಯಿ ಹಾಕ್ಲಿ ನಿಮ್ಮ ಮನಿ ಮಾತಿಗೆ?"

ಒಂದು ಲೋಟ ಬೆಲ್ಲದ ಕಾಫಿ ಕೊಟ್ಟಳು. ಅವಳ ಹುರುಳಿ ಇನ್ನೂ ರಸ್ತೆ ಬದಿಯಲ್ಲಿ ರಾಶಿಯಾಗಿ ಬಿದ್ದಿತ್ತು, ತಿರುವುವವರಿರಲಿಲ್ಲ. ಬಸ್ಸಿಗೆ ಕಾಯುತ್ತ ನಿಂತವಳಿಗೆ ಅತ್ತೆಯ ಮೇಲಿನ ಸಿಟ್ಟು, ಮೈದುನನ ಮೇಲಿನ ಸಿಟ್ಟು ಎರಡೂ ಹಾಗೆಯೇ ಇದ್ದವು. ಅವುಗಳ ಮೇಲೆ ಇನ್ನೊಂದು ಬಂದು ಕೂತಿತ್ತು, ಅದು ನನ್ನ ಮೇಲಿನದು.

ಗುರುವಾರ ಶಿವಯೋಗಪ್ಪನವರು ಇಬ್ಬರು ಹಿರಿಯರೊಂದಿಗೆ ಬಂದರು. ಜಮಖಾನ, ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದಾದ ಮೇಲೆ ಶಿವಯೋಗಪ್ಪನವರು ನನ್ನನ್ನು ಕಂಡು, ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲದೆ ನಕ್ಕರು. ಏನವ್ವಾ, ನಮ್ಮೂರಿನ ದಾರಿಯಾಗೆ ಹುರುಳಿ ಒಕ್ಕಾಕೆ ಹೋಗಿದ್ಯಂತೆ ಎಂದರು. ಹಿರಿಯರು ನಕ್ಕರು. ನಮ್ಮ ಮನೆಯವರೂ ನಕ್ಕರು, ಅತ್ತೆ ಎಲ್ಲರಿಗಿಂತ ಜೋರಾಗಿ. ಕರಿಬಸವರಾಜನೂ ನಕ್ಕ.

ಅವನು ನಗದೆ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ, ಹೇಳಲಾರೆ. ಕಾಫಿಯ ತಟ್ಟೆಯನ್ನು ಕೆಳಗಿಟ್ಟೆ.

"ಓಡಿಸಿದ್ದು ನಾನಲ್ಲ. ಕರಿಬಸವರಾಜ."

ಅತ್ತೆ ಏನೋ ಹೇಳಹೊರಟು, ಶಿವಯೋಗಪ್ಪನವರ ಮುಖ ನೋಡಿ ನಿಲ್ಲಿಸಿದರು. ಅವರು ಹುಡುಗನ ಕಡೆ ತಿರುಗಿ ಹೌದೇನಪ್ಪಾ ಎಂದರು. ಹೌದು ಅಂದ, ಕೇಳಿಸಿಯೂ ಕೇಳಿಸದಂತೆ. ಆಗ ವೇಗದ ಮಾತನ್ನೋ ಸತ್ತ ಮಗನ ಮಾತನ್ನೋ ಎತ್ತುತ್ತಾರೆಂದು ನಾವೆಲ್ಲ ಕಾದೆವು. ಅವರು ಕೇಳಿದ್ದು ಬೇರೆ.

"ಆಯಮ್ಮನ ಕೈ ಈಗ ಹೆಂಗೈತಿ?"

ಕರಿಬಸವರಾಜನಿಗೆ ಗೊತ್ತಿರಲಿಲ್ಲ. ನನ್ನ ಕಡೆ ನೋಡಿದ. ನಾನು ಹೇಳಿಕೊಡಲಿಲ್ಲ. ಶಿವಯೋಗಪ್ಪನವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು.

"ತಿಳ್ಕಂಡು ಬಾ. ಆಮ್ಯಾಲೆ ಮಾತಾಡಾನ."

ತಟ್ಟೆಯ ಎಲೆ ಅಡಿಕೆ ಹಾಗೆಯೇ ಉಳಿಯಿತು. ಅವರು ಹೋದ ಮೇಲೆ ಅತ್ತೆ ಕೀಲಿಗೊಂಚಲಿನಿಂದ ಕಾರಿನ ಕೀಲಿ ಬಿಡಿಸಿ ನನ್ನ ಮುಂದೆ ಎಸೆದರು. ತಗಾ, ಗೆದ್ಯಲ್ಲ ಎಂದರು. ಗೆಲ್ಲುವುದಕ್ಕೆ ಇದು ಪಗಡೆಯಲ್ಲ ಎಂದು ನಾನು ಹೇಳಿದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ. ಅವತ್ತಿನಿಂದ ಬಹಳ ದಿನ ನನ್ನೊಂದಿಗೆ ಮಾತು ಬಿಟ್ಟರು. ಅದೇ ಅತ್ತೆ ಮಗನಿಗೆ ಮಾತ್ರ ಆ ರಾತ್ರಿಯೇ ಬಿಸಿ ರೊಟ್ಟಿ ಬಡಿಸಿದರು.

ಶುಕ್ರವಾರ ಬೆಳಿಗ್ಗೆ ಮಂಜು ಇನ್ನೂ ದಟ್ಟವಾಗಿತ್ತು. ಕಾರಿನ ಬಲಬಾಗಿಲು ಬಿಗಿದುಕೊಂಡಿದ್ದರಿಂದ ಎಡಬಾಗಿಲಿನಿಂದ ಹತ್ತಿ ಚಕ್ರದ ಕಡೆಗೆ ಸರಿದು ಕೂತೆ. ಯಜಮಾನರು ಬಂದು ಮುಂದಿನ ಗಾಜು ಒರೆಸಿದರು. ಹುಷಾರಾಗಿ ಹೋಗು ಎಂದರು. ಹುಷಾರನ್ನು ಹೇಳಬೇಕಾದದ್ದು ಯಾರಿಗೆ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಯಾರೋ ಬಂದು ಕೂತರು. ಕರಿಬಸವರಾಜ. ರಂಗವ್ವನ ಮನೆ ತೋರಿಸಿ ಎಂದ. ಅಷ್ಟೇ ಅಂದ. ನಾನು ಕಾರು ಹೊರಡಿಸಿದೆ.

ಏರಿಯ ತಿರುವಿನಲ್ಲಿ ಮೂರು ಹಾರ್ನ್ ಮಾಡಿದೆ. ಎರಡನೇ ಗೇರು. ಯಾರದೋ ಹುರುಳಿ ಗಾಲಿಯಡಿಯಲ್ಲಿ ಮೆತ್ತಗೆ ಮುರಿಯುತ್ತ ಹಿಂದೆ ಸರಿಯಿತು. ದಾಟಿ ನಿಲ್ಲಿಸಿ, ಮೈದುನನಿಗೆ ಮನೆ ತೋರಿಸಿ ಕಳಿಸಿ, ಕುಡುಗೋಲು ತೆಗೆದು ಅಡಿಯಲ್ಲಿ ಬಗ್ಗಿ ನೋಡುತ್ತಿದ್ದಾಗ ರೇವಣ್ಣ ಬಂದು ನಿಂತ. ಬಾಯಲ್ಲಿ ಅದೇ ಹಲ್ಲುಕಡ್ಡಿ. ಮತ್ತೆ ಗಾಡಿ ತಂದ್ರಾ ಅಮ್ಮಾರೆ, ರಂಗವ್ವನ್ನ ಬೀಳಿಸಿದ್ದು ನೀವೇ ಅಲ್ವಾ ಎಂದ.

"ಅಲ್ಲ" ಎಂದೆ.

ಅಷ್ಟಕ್ಕೆ ಅವನು ಹೊರಟಿದ್ದ. ನಿಲ್ಲು ಎಂದೆ. ಮೊದಲ ಪಾಠಕ್ಕೆ ಇನ್ನೂ ಅರ್ಧ ಗಂಟೆ ಹೊತ್ತಿತ್ತು. ಕುಡುಗೋಲನ್ನು ಕೈಯಲ್ಲಿ ಹಿಡಿದುಕೊಂಡೇ, ಕೆರೆ ಏರಿಯಿಂದ ಹಿಡಿದು ಜಾಲಿಮರದವರೆಗೆ, ಒಂದು ಪದವನ್ನೂ ಬಿಡದೆ, ಅವನಿಗೆ ಹೇಳಿದೆ.