ಮೂರನೇ ಹಾಳೆ

ಯಮನೂರಮ್ಮನ ಮನೆಯೆಂದರೆ ಸಿಂಧನೂರಿನ ಅಕ್ಕಿ ಮಿಲ್ಲೊಂದರ ಹಿಂದಿನ ಓಣಿಯಲ್ಲಿ ಹತ್ತಡಿಯ ತಗಡಿನ ಕೋಣೆ. ಮಿಲ್ಲಿನ ತೌಡು ಹಾರಿ ಬಂದು ಹಾಸಿಗೆ, ಅನ್ನ, ತಲೆಗೂದಲು ಎಲ್ಲದರ ಮೇಲೂ ಕೂರುತ್ತಿತ್ತು. ಇಂಥ ಅರಮನೆಗೆ ಊರು ಸುಧಾರಣಾ ಸಮಿತಿಯ ಅಧ್ಯಕ್ಷರಾದ ಕನಕರಾಜರು ಮೂರು ವರ್ಷದಿಂದ ಪ್ರತಿ ಮಂಗಳವಾರ ಮಧ್ಯಾಹ್ನ ದಯಮಾಡಿಸುತ್ತಿದ್ದರು. ಊರು ಸುಧಾರಿಸಿ ದಣಿದ ಜೀವ, ಪಾಪ.

ಅಧ್ಯಕ್ಷರಿಗೆ ಮಾತು ತೊದಲುತ್ತಿತ್ತು. ಮನೆಯಲ್ಲಿ ಬಾಯಿ ತೆರೆದರೆ ಹೆಂಡತಿ ಮಕ್ಕಳೇ ನಗುತ್ತಿದ್ದರಂತೆ. ಯಮನೂರಮ್ಮ ನಗುತ್ತಿರಲಿಲ್ಲ. ಮಾತು ಸಿಕ್ಕಿಕೊಂಡರೆ ಬೆನ್ನು ಸವರಿ ಮುಂದಿನ ಪದ ಎತ್ತಿಕೊಡುತ್ತಿದ್ದಳು. ಬರುಬರುತ್ತಾ ಅವರು ಬರುವುದೇ ಮಾತಾಡಲಿಕ್ಕೆ ಎನ್ನುವಂತಾಯಿತು.

"ನಿನ್ನ ಮುಂದ ಮಾತ್ರ ನನ್ನ ನಾಲಿಗಿ ತೊಡರೂದಿಲ್ಲ ನೋಡಬೇ, ಯಮನೂರಿ."

ಅವಳಿಗೂ ಈ ಮನುಷ್ಯನೆಂದರೆ ಜೀವ. ಮಂಗಳವಾರ ಬೇರೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ.

ಆ ಮಂಗಳವಾರ ಎರಡು ಹಾಳೆ ಹಿಡಿದು ಬಂದರು.

"ಮಹಿಳಾ ದಿನದ ಭಾಷಣ ಐತಿ. ಬಾಯಿಪಾಠ ಮಾಡಸು. ಮತ್ತ ನಿಮ್ಮ ಓಣಿಯವ್ರನ್ನೆಲ್ಲ ಕರಕೊಂಡು ಬಾ. ಮುಂದ ಕೂಡ್ರಸ್ತೀವಿ, ಸೀರಿ ಕೊಡ್ತೀವಿ."

ತಾಯಿ, ತಂಗಿ, ಕರುಣೆ ಎಲ್ಲವೂ ಅದರಲ್ಲಿದ್ದವು. ಓದಿಸಿ ಓದಿಸಿ ಅವಳಿಗೇ ಬಾಯಿಗೆ ಬಂತು.

ಸಭೆಯ ದಿನ ಓಣಿಯ ಹನ್ನೆರಡು ಹೆಂಗಸರು ಮುಂದಿನ ಸಾಲಿನಲ್ಲಿ ಕೂತರು. ಅಧ್ಯಕ್ಷರು ಮೈಕು ಹಿಡಿದರು. "ಹೆಣ್ಣಿನ ಕ... ಕ..." ಜನ ಕಿಸಕ್ಕೆಂದರು. ಅವರ ಹಣೆಯ ಬೆವರು ಯಮನೂರಮ್ಮನಿಂದ ನೋಡಲಾಗಲಿಲ್ಲ. ಮೈಮರೆತು, ಕೂತಲ್ಲಿಂದಲೇ ಕೂಗಿಬಿಟ್ಟಳು:

"ಕಣ್ಣೀರು ಒರೆಸುವುದೇ ನಮ್ಮ ಧರ್ಮ!"

ನಗುತ್ತಿದ್ದವರೆಲ್ಲ ಅವಳ ಕಡೆ ತಿರುಗಿದರು. ವೇದಿಕೆಯ ಮೇಲಿದ್ದ ಅಧ್ಯಕ್ಷರ ಹೆಂಡತಿ ಅವಳನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು. ಅಧ್ಯಕ್ಷರ ನಾಲಗೆ ಮಾತ್ರ ಸರಾಗವಾಯಿತು. ಎರಡೂ ಹಾಳೆ ಮುಗಿಸಿ ಚಪ್ಪಾಳೆ ಹೊಡೆಸಿಕೊಂಡರು. ಆಮೇಲೆ ಜೇಬಿನಿಂದ ಮೂರನೇ ಹಾಳೆ ತೆಗೆದರು.

"ಊರಿನ ಮಾನ ಕಾಪಾಡಲು, ಮಿಲ್ಲಿನ ಹಿಂದಿನ ಓಣಿಯ ಹೊಲಸು ಕೋಣೆಗಳನ್ನು ಎಂಟು ದಿನದಲ್ಲಿ ತೆ... ತೆ..."

ಏರಿದ ಏಣಿಯನ್ನೇ ಒದೆಯುವ ಹೊತ್ತಿನಲ್ಲೂ ರೂಢಿ ಬಿಡಲಿಲ್ಲ. ಅಧ್ಯಕ್ಷರ ಕಣ್ಣು ತಾನಾಗಿ ಯಮನೂರಮ್ಮನ ಕಡೆ ತಿರುಗಿ ಬೇಡಿತು. ಅವಳು ಎದ್ದು ನಿಂತಳು.

"ಎರಡು ಹಾಳಿ ಅದಽ ಹೊಲಸು ಕೋಣ್ಯಾಗ ಕಲ್ತೀರಿ, ಸಾಹೇಬ್ರ. ಮೂರನೇದು ನನಗ ತೋರಿಸಿಲ್ಲ. ನೀವಽ ಓದ್ರಿ. ನಾವಂತೂ ಓಣಿ ಬಿಡೂದಿಲ್ಲ."

ಪಕ್ಕದ ಕೋಣೆಯ ಹಸೀನಾಬೀ ಸೀರೆಯ ಪೊಟ್ಟಣ ನೆಲಕ್ಕಿಟ್ಟು, ಕಾಲ ಮೇಲೆ ಕಾಲು ಹಾಕಿದಳು.

"ಓದ್ರೀ, ಕೇಳಾಕಂತಽ ಬಂದೀವಿ."

"ತೆ... ತೆ..." ಎನ್ನುತ್ತಲೇ ಇತ್ತು ಮೈಕು. ಹನ್ನೆರಡು ಹೆಂಗಸರಲ್ಲಿ ಒಬ್ಬಳೂ ನಗಲಿಲ್ಲ. ಎತ್ತಿಕೊಡಲೂ ಇಲ್ಲ.